ಮೊದಲ ಅವಧಿಯ ಬಿಗಿದ ಬೆರಳು
ಬಸವಕಲ್ಯಾಣ, ಹುಮನಾಬಾದ್ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು: ಮೊದಲ ಅವಧಿಯಲ್ಲಿ ಪೆನ್ಸಿಲ್ ಹಿಡಿಯಲಾಗದ ಮಗು ಮಧ್ಯಾಹ್ನ ಆಡಿದರೆ ಅದು ಸೋಮಾರಿತನವೇ ಆಗಿರಬೇಕಿಲ್ಲ. ಮಕ್ಕಳ ಸಂಧಿವಾತದಲ್ಲಿ ಕೀಲುಗಳು ಬೆಳಿಗ್ಗೆ ಬಿಗಿದು, ಓಡಾಡಿದಂತೆ ಸಡಿಲವಾಗುತ್ತವೆ. 16 ವರ್ಷದೊಳಗೆ ಶುರುವಾದ ಕೀಲೂತ, ಬೇರೆ ಕಾರಣವಿಲ್ಲದೆ 6 ವಾರ ಉಳಿದರೆ ವೈದ್ಯರು ಇದನ್ನು ಶಂಕಿಸುತ್ತಾರೆ. ಕೀಲುನೋವು ಮುದುಕರದ್ದೆಂಬ ನಂಬಿಕೆಯಿಂದಲೇ ಎಷ್ಟೋ ಸಲ ಚಿಕಿತ್ಸೆ ತಡವಾಗುತ್ತದೆ.

ನೋವಿನ ಮಾತ್ರೆಯೊಂದೇ ಸಾಲದು. ಕೀಲು ಉಳಿಸಲು ಹಲವರಿಗೆ ಮೆಥೋಟ್ರೆಕ್ಸೇಟ್ ಬೇಕು. ಅದು ವಾರಕ್ಕೊಮ್ಮೆ ಮಾತ್ರ. ನಿತ್ಯ ಕೊಟ್ಟರೆ ಪ್ರಾಣಾಪಾಯ. ಜೊತೆಗೆ ವ್ಯಾಯಾಮ, ರಕ್ತಪರೀಕ್ಷೆ. ಕಣ್ಣೊಳಗಿನ ಉರಿಯೂತ ನೋವಿಲ್ಲದೆಯೇ ದೃಷ್ಟಿ ಕಸಿಯಬಹುದು, ಆದ್ದರಿಂದ ನೇತ್ರತಪಾಸಣೆ ತಪ್ಪಿಸಬಾರದು.

ಅನುಮಾನ ಬಂದರೆ ಪಾಲಕರಿಗೆ ತಿಳಿಸಿ; ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಿ. ಪಾಠಯೋಜನೆಯಲ್ಲಿ ಬರವಣಿಗೆಯನ್ನು ಮೂರನೆಯ ಅವಧಿಗೆ ಸರಿಸಿ, ನಡುನಡುವೆ ಎದ್ದು ಓಡಾಡಲು ಬಿಡಿ.