ಕಾದು ಪಡೆದ ಮಗು, ದಣಿದ ತಾಯಿ



ಬಾಳೆಗುಳಿ ಕ್ರಾಸಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುವವರಲ್ಲಿ ಮಕ್ಕಳಾಗಲಿಲ್ಲವೆಂದು ದೊಡ್ಡ ಆಸ್ಪತ್ರೆಗೆ ಹೊರಟ ದಂಪತಿಗಳೂ ಇರಬಹುದು. ಸೂಜಿ, ಮಾತ್ರೆ, ಸ್ಕ್ಯಾನಿಂಗು, ಸಾಲ, ಹರಕೆ ಅಂತ ವರ್ಷಗಳು ಕಳೆಯುತ್ತವೆ. ಕೊನೆಗೂ ಮನೆಯಲ್ಲಿ ತೊಟ್ಟಿಲು ಕಟ್ಟಿದಾಗ ಎಲ್ಲರೂ "ಇನ್ನೇನು ಚಿಂತೆ?" ಅಂತಾರೆ. ಆದರೆ ಬಾಣಂತಿ ಒಳಗೆ ಕೂತು ಅಳ್ತಿರ್ತಾಳೆ. ಯಾಕೆ?

ಮಗು ಬಂದ ಮಾತ್ರಕ್ಕೆ ಹಿಂದಿನ ನೋವು ಅಳಿಸಿಹೋಗುವುದಿಲ್ಲ. "ಬಂಜೆ" ಅನ್ನಿಸಿಕೊಂಡ ಮಾತು, ನಿಲ್ಲದೇ ಹೋದ ಗರ್ಭ ಮನಸ್ಸಿನಲ್ಲೇ ಇರುತ್ತವೆ. ಮಗುವಿಗೆ ಏನಾದ್ರೂ ಆದೀತೆಂದು ನಿದ್ದೆಗೆಟ್ಟು ಅದರ ಉಸಿರು ನೋಡ್ತಾ ಕೂರುವವರಿದ್ದಾರೆ. ಕೆಲವರಿಗೆ ಕೂಡಲೇ ಪ್ರೀತಿ ಉಕ್ಕುವುದಿಲ್ಲ; ನಿಧಾನವಾಗಿ ಬೆಳೆಯುತ್ತದೆ. ಎಲ್ಲಕ್ಕಿಂತ ಕಷ್ಟವೆಂದರೆ ಬಾಯಿ ಬಿಡಲಾಗದ್ದು. "ಸಾಕಾಯ್ತು" ಅಂದ್ರೆ "ಬೇಡಿ ಬೇಡಿ ಪಡೆದವಳು ನೀನೇ ಅಲ್ವಾ?" ಎಂಬ ಉತ್ತರ. ನಾವು ಹೇಳುವುದಿಷ್ಟೇ: ದಣಿವಾಯಿತು ಎನ್ನುವುದು ಕೃತಘ್ನತೆಯಲ್ಲ. ಸಂತೋಷ, ಸಂಕಟ ಎರಡೂ ಒಟ್ಟಿಗೇ ಇರಬಹುದು.

ಯಾವಾಗ ಎಚ್ಚರ ಬೇಕು?

ಹೆರಿಗೆಯಾದ ಮೊದಲ ವಾರದಲ್ಲಿ ಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರದೊಳಗೆ ತಾನಾಗಿ ಕಡಿಮೆಯಾಗುತ್ತದೆ. ಅದಕ್ಕೂ ಮೀರಿ ಬೇಸರ ಉಳಿದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ಅದು ಖಿನ್ನತೆ ಇರಬಹುದು. ಇದು ಗ್ರಹಚಾರವಲ್ಲ, ಸೋಗೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಸಾಯುವ ಯೋಚನೆ ಬಂದರೆ, ಮಗುವಿಗೆ ಹಾನಿ ಮಾಡುವ ಯೋಚನೆ ಬಂದರೆ, ಇಲ್ಲದ್ದು ಕಂಡಂತೆ, ಕೇಳಿದಂತೆ ಆದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಸಹಾಯ ಎಲ್ಲಿದೆ?

ಹೆರಿಗೆಯ ನಂತರ 42 ದಿನಗಳವರೆಗೆ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಮಗುವಿನ ತೂಕದ ಜೊತೆ ನಿಮ್ಮ ಮನಸ್ಸಿನ ವಿಷಯವನ್ನೂ ಅವರಿಗೆ ಹೇಳಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತೀವ್ರ ತೊಂದರೆಯಿದ್ದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ.

ಸಂಘದವರು ಏನು ಮಾಡಬಹುದು?

* ಬಾಣಂತಿಯನ್ನು ನೋಡಲು ಹೋದಾಗ ಮಗು ಯಾರ ಹಾಗಿದೆ ಅನ್ನುವ ಮೊದಲು "ನೀನು ನಿದ್ದೆ ಮಾಡಿದ್ಯಾ?" ಅಂತ ಕೇಳಿ.
* ಒಂದೆರಡು ತಾಸು ಮಗು ನೋಡಿಕೊಂಡು ಅವಳನ್ನು ಮಲಗಲು ಬಿಡಿ. ರಾತ್ರಿ ಮಗು ಎತ್ತಿಕೊಳ್ಳುವುದು ಗಂಡನ ಕೆಲಸವೂ ಹೌದು.
* ಚಿಕಿತ್ಸೆಯ ಸಾಲದ ಕಂತು ಬಾಕಿಯಿದ್ದರೆ ಸಭೆಯಲ್ಲಿ ಎಲ್ಲರೆದುರು ಕೆದಕಬೇಡಿ. ಅವಳೊಬ್ಬಳ ಹತ್ತಿರ ಕೂತು ಮಾತಾಡಿ.
* ಇನ್ನೂ ಕಾಯುತ್ತಿರುವ ಸಹೋದರಿಯನ್ನೂ ತೊಟ್ಟಿಲು ಶಾಸ್ತ್ರಕ್ಕೆ ಕರೆಯಿರಿ. ಅವಳು ಬಾರದಿದ್ದರೆ ತಪ್ಪು ತಿಳಿಯಬೇಡಿ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇದನ್ನು ಓದಿ ಚರ್ಚಿಸಿ: ನಮ್ಮ ಸಂಘದಲ್ಲಿ "ನಂಗೆ ಆಗ್ತಿಲ್ಲ" ಅಂತ ಒಬ್ಬ ತಾಯಿ ಹೆದರದೆ ಹೇಳಬಹುದೇ?