ಮಗು ಕಚ್ಚಿತು ಎಂಬ ದೂರು ಬಂದಾಗ

ಆಟಿಸಂ ಇರುವ ನಿಮ್ಮ ಮಗು ತರಗತಿಯಲ್ಲಿ ಪಕ್ಕದವನನ್ನು ಕಚ್ಚಿತೆಂದು ದೂರು ಬರುತ್ತದೆ. ನೀವು ಬೈದು ಮನೆಗೆ ಕರೆತರುತ್ತೀರಿ. ಬರವಣಿಗೆ ತಪ್ಪಿಸಿಕೊಳ್ಳಲೆಂದೇ ಅದು ಕಚ್ಚಿದ್ದರೆ, ನೀವು ಕೊಟ್ಟದ್ದು ಶಿಕ್ಷೆಯಲ್ಲ, ಬಹುಮಾನ!

ಇಂಥ ಮಕ್ಕಳ ಪಕ್ಕದಲ್ಲಿ ಕೂರುವ ಸಹಾಯಕರನ್ನು ನಮ್ಮಲ್ಲಿ 'ಶ್ಯಾಡೋ ಟೀಚರ್' ಎನ್ನುವುದುಂಟು. ಅವರ ಮುಖ್ಯ ಸಲಕರಣೆ ಒಂದು ನೋಟ್‌ಬುಕ್. ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು ಎಂಬುದನ್ನು ವೇಳೆ ಸಮೇತ ಬರೆಯುತ್ತಾರೆ. ಕೆಲವು ದಿನಗಳಲ್ಲಿ ಕಾರಣ ಹೊಳೆಯುತ್ತದೆ: ಗಂಟೆಯ ಸದ್ದು, ಹಸಿವು, ಮಲಬದ್ಧತೆ, ಹಲ್ಲುನೋವು. ಮಾತು ಬಾರದ ಮಗು ನೋವನ್ನು ಹೇಗೆ ಹೇಳೀತು? ವರ್ತನೆ ದಿಢೀರನೆ ಬದಲಾದರೆ ಮೊದಲು ವೈದ್ಯರಿಗೆ ತೋರಿಸಿ.

ಕಚ್ಚುವ ಬದಲು 'ಸಾಕು' ಎಂಬ ಚಿತ್ರಚೀಟಿ ಕೊಡಲು ಸಹಾಯಕರು ಕಲಿಸುತ್ತಾರೆ. ಕೊಟ್ಟೊಡನೆ ಎರಡು ನಿಮಿಷ ಬಿಡುವು. ಆರಂಭದಲ್ಲಿ ಹಠ ಹೆಚ್ಚಬಹುದು, ಹೆದರಬೇಡಿ. ಆದರೆ ಮನೆಯಲ್ಲಿ ಅಜ್ಜಿ ರಂಪಕ್ಕೆ ಕರಗಿ ಬಿಸ್ಕತ್ತು ಕೊಟ್ಟರೆ ಎಲ್ಲವೂ ನೀರಿನಲ್ಲಿ ಹೋಮ.

ಹೊಡೆಯುವ, ಕಟ್ಟಿ ಕೂರಿಸುವ ಸಹಾಯಕರನ್ನು ಒಪ್ಪಬೇಡಿ; ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಸಂಜೆ ಆ ನೋಟ್‌ಬುಕ್ ಕೇಳಿ ಪಡೆದು ಓದಿ. ರಾತ್ರಿ ಮಗುವಿನ ನಿದ್ದೆ ಕೆಟ್ಟಿದ್ದರೆ ಅದನ್ನೂ ಅದರಲ್ಲಿ ಬರೆದು ಕಳಿಸಿ.