ರಷ್ಯದ ಜನಪದ ನೃತ್ಯ ಮತ್ತು ಬ್ಯಾಂಡು ಸಂಗೀತ: ಒಂದು ಚಾರಿತ್ರಿಕ ವಿವೇಚನೆ

ಬ್ಯಾಂಡು ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ನಿಲ್ಲುವುದು ದಸರೆಯ ಮೆರವಣಿಗೆ, ಸಮವಸ್ತ್ರ ಧರಿಸಿ ಸಾಲುಗಟ್ಟಿ ನಡೆಯುವ ವಾದ್ಯಗಾರರು, ಬಿಸಿಲಿಗೆ ಹೊಳೆಯುವ ಹಿತ್ತಾಳೆಯ ಕೊಂಬುಗಳು. ಬ್ಯಾಂಡು ಅರಮನೆಗೂ ಸೈನ್ಯಕ್ಕೂ ಸೇರಿದ್ದೆಂಬ ಭಾವನೆ ಇದರಿಂದ ಸಹಜವಾಗಿಯೇ ಹುಟ್ಟುತ್ತದೆ. ಜನಪದ ನೃತ್ಯವಾದರೋ ಇದಕ್ಕೆ ತೀರ ಬೇರೆಯಾದುದು. ಅದು ಹಳ್ಳಿಯ ಬಯಲಿನದು, ಸುಗ್ಗಿಯದು, ಮದುವೆಯ ಮನೆಯದು. ಒಂದು ಪ್ರಭುತ್ವದ ವಾದ್ಯ, ಇನ್ನೊಂದು ಪ್ರಜೆಯ ಕುಣಿತ. ಇವೆರಡೂ ಕೂಡಿದಾಗ ಯಾವುದು ಯಾವುದನ್ನು ತನ್ನ ದಾರಿಗೆ ಎಳೆದುಕೊಳ್ಳುತ್ತದೆಂಬ ಪ್ರಶ್ನೆಗೆ ರಷ್ಯದ ಇತಿಹಾಸದಲ್ಲಿ ದೊರೆಯುವಷ್ಟು ಸ್ಪಷ್ಟವಾದ ನಿದರ್ಶನಗಳು ಬೇರೆ ಕಡೆ ವಿರಳ. ಅವುಗಳಲ್ಲಿ ಕೆಲವನ್ನು ಇಲ್ಲಿ ಪರಿಶೀಲಿಸಲಾಗಿದೆ.

ರಷ್ಯದ ಜನಪದ ನೃತ್ಯಗಳಲ್ಲಿ ಮುಖ್ಯವಾಗಿ ಎರಡು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ‘ಖೊರೊವೋದ್’. ಇದರಲ್ಲಿ ಕೈಕೈ ಹಿಡಿದು, ಹಾಡುತ್ತ, ವೃತ್ತಾಕಾರವಾಗಿ ಸುತ್ತುತ್ತಾರೆ. ಹೆಣ್ಣುಮಕ್ಕಳ ಪಾತ್ರವೇ ಇದರಲ್ಲಿ ಹಿರಿದು. ಎರಡನೆಯದು ‘ಪ್ಲ್ಯಾಸ್ಕ’. ಇದು ವೇಗದ ಕುಣಿತ. ಕುಕ್ಕುರುಗಾಲಿನಲ್ಲಿ ಕುಳಿತು ಕಾಲುಗಳನ್ನು ಮುಂದಕ್ಕೆ ಚಾಚುವ ಗಂಡಸರ ಪ್ರಸಿದ್ಧವಾದ ಪಟ್ಟು ಈ ವರ್ಗಕ್ಕೆ ಸೇರಿದ್ದು. ಬಲಲೈಕವೆಂಬ ತಂತಿವಾದ್ಯ, ಕೊಳಲು, ಕೊಂಬು, ಮುಂದೆ ೧೯ನೆಯ ಶತಮಾನದಲ್ಲಿ ಬಂದ ಕೈ ಹಾರ್ಮೋನಿಯಂ ಇವು ಇಂಥ ಕುಣಿತಗಳ ಸಹಚರಗಳು. ಒಂದೇ ಚಿಕ್ಕ ಧಾಟಿಯನ್ನು ಮತ್ತೆ ಮತ್ತೆ ನುಡಿಸುತ್ತ, ಪ್ರತಿ ಸಲವೂ ಅದಕ್ಕೆ ಹೊಸ ಅಲಂಕಾರವನ್ನು ಕೂಡಿಸುತ್ತ, ವೇಗವನ್ನು ಏರಿಸುತ್ತ ಹೋಗುವುದು ಪ್ಲ್ಯಾಸ್ಕದ ಜೀವಾಳ.

ಈ ಸಂಗೀತಕ್ಕೂ ಅಧಿಕಾರಕ್ಕೂ ಹಿಂದಿನಿಂದಲೂ ಸಾಮರಸ್ಯವಿರಲಿಲ್ಲ. ರಷ್ಯದ ಸನಾತನ ಕ್ರೈಸ್ತ ಪಂಥವು ಆರಾಧನೆಯಲ್ಲಿ ಕಂಠಗಾನವನ್ನಲ್ಲದೆ ವಾದ್ಯಗಳನ್ನು ಒಪ್ಪಲಿಲ್ಲ. ಆದ್ದರಿಂದ ವಾದ್ಯಸಂಗೀತವು ಬಹುಮಟ್ಟಿಗೆ ಜನಸಾಮಾನ್ಯರ ಮತ್ತು ‘ಸ್ಕೊಮೊರೋಖಿ’ ಎಂಬ ಅಲೆಮಾರಿ ಕಲಾವಿದರ ಪಾಲಿಗೆ ಉಳಿಯಿತು. ೧೬೪೮ರಲ್ಲಿ ಜಾರ್ ಅಲೆಕ್ಸಿ ಮಿಖಾಯ್ಲೊವಿಚನು ಈ ಕಲಾವಿದರನ್ನು ನಿಷೇಧಿಸಿ, ಅವರ ವಾದ್ಯಗಳನ್ನು ಮುರಿದು ಸುಡುವಂತೆ ಆಜ್ಞೆ ಹೊರಡಿಸಿದನು. ವಾದ್ಯಗಳು ಸುಟ್ಟುಹೋದುವು; ಕುಣಿತವನ್ನು ಸುಡಲಾಗಲಿಲ್ಲ.

ಆ ಅರಸನ ಮಗನೇ ಮಹಾ ಪೀಟರ್. ಅವನು ತನ್ನ ಸೈನ್ಯವನ್ನು ಪಶ್ಚಿಮ ಯೂರೋಪಿನ ಮಾದರಿಯಲ್ಲಿ ಕಟ್ಟಿದಾಗ ಅದರೊಡನೆ ಪಟಾಲಂ ಬ್ಯಾಂಡುಗಳೂ ಬಂದುವು. ತಂದೆ ವಾದ್ಯವನ್ನು ಮುರಿಸಿದನು, ಮಗ ವಾದ್ಯಕ್ಕೆ ಸಮವಸ್ತ್ರ ತೊಡಿಸಿದನು ಎನ್ನಬಹುದು.

ಈ ಕಥೆಯ ಅತ್ಯಂತ ವಿಚಿತ್ರವಾದ ಅಧ್ಯಾಯ ೧೭೫೧ರಲ್ಲಿ ಆರಂಭವಾಗುತ್ತದೆ. ಬೊಹೀಮಿಯದಿಂದ ಬಂದ ಯಾನ್ ಮಾರೆಶ್ ಎಂಬ ಕೊಂಬು ವಾದಕನು ನರಿಷ್ಕಿನ್ ಮನೆತನದ ಶ್ರೀಮಂತನೊಬ್ಬನಿಗಾಗಿ ಬೇಟೆಯ ಕೊಂಬುಗಳ ಮೇಳವೊಂದನ್ನು ಸಿದ್ಧಪಡಿಸಿದನು. ಅದರ ಪ್ರತಿಯೊಂದು ಕೊಂಬಿನಿಂದ ಹೊರಡುತ್ತಿದ್ದುದು ಒಂದೇ ಸ್ವರ. ಒಬ್ಬೊಬ್ಬ ವಾದಕನೂ ತನ್ನ ಸರದಿಯನ್ನು ಎಣಿಸುತ್ತ ನಿಂತು, ತನ್ನ ಸ್ವರ ಬಂದಾಗ ಮಾತ್ರ ಊದಬೇಕಾಗಿದ್ದಿತು. ವಾದಕರು ಹೆಚ್ಚಾಗಿ ಜೀತದಾಳುಗಳು. ಇಂಥ ಮೇಳಗಳು ದೇಶದ ಶ್ರೀಮಂತರಲ್ಲಿ ಬಹಳ ಜನಪ್ರಿಯವಾಗಿ, ಜನಪದ ಧಾಟಿಗಳನ್ನೂ ನುಡಿಸುತ್ತಿದ್ದುವು. ತನ್ನ ಹಳ್ಳಿಯಲ್ಲಿ ಇಡಿಯ ಹಾಡನ್ನು ಹಾಡಿ ಕುಣಿಯಬಲ್ಲವನು ಒಡೆಯನ ಅಂಗಳದಲ್ಲಿ ಅದೇ ಹಾಡಿನ ಒಂದೇ ಸ್ವರವಾಗಿ ನಿಂತನು. ಜೀತಪದ್ಧತಿಯ ಸ್ವರೂಪವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆಯನ್ನು ಈ ಲೇಖಕನು ಅರಿಯನು. ಆ ಪದ್ಧತಿ ರದ್ದಾದುದು ೧೮೬೧ರಲ್ಲಿ.

ಇಷ್ಟರಲ್ಲಿ ವಿದ್ಯಾವಂತರ ದೃಷ್ಟಿ ಜನಪದದ ಕಡೆಗೆ ತಿರುಗಿದ್ದಿತು. ೧೭೯೦ರಲ್ಲಿ ಲ್ವೋಫ್ ಮತ್ತು ಪ್ರಾಚ್ ಎಂಬುವರು ಪ್ರಕಟಿಸಿದ ಗೀತಸಂಗ್ರಹದಲ್ಲಿ ನೃತ್ಯಗೀತೆಗಳಿಗೆ ಪ್ರತ್ಯೇಕ ಸ್ಥಾನವಿದೆ. ೧೮೪೮ರಲ್ಲಿ ಗ್ಲಿಂಕನು ‘ಕಮಾರಿನ್‌ಸ್ಕಯ’ ಎಂಬ ಕೃತಿಯನ್ನು ರಚಿಸಿದನು. ನಿಧಾನಗತಿಯ ಒಂದು ಮದುವೆಯ ಹಾಡು, ವೇಗದ ಒಂದು ಕುಣಿತದ ಧಾಟಿ ಇವೆರಡೇ ಅದರ ಸಾಮಗ್ರಿ. ಕುಣಿತದ ಧಾಟಿಯನ್ನು ಅವನು ಬಹುಮಟ್ಟಿಗೆ ಹಾಗೆಯೇ ಉಳಿಸಿ, ಅದರ ಹಿನ್ನೆಲೆಯನ್ನು ಮಾತ್ರ ಪ್ರತಿ ಆವೃತ್ತಿಯಲ್ಲಿಯೂ ಬದಲಾಯಿಸಿದನು. ಇದು ಹಳ್ಳಿಯ ಬಲಲೈಕ ವಾದಕನ ಕ್ರಮವೇ ಹೊರತು ಜರ್ಮನ್ ಪಂಡಿತರ ಕ್ರಮವಲ್ಲ. ತರುವಾಯದ ರಷ್ಯನ್ ಸಿಂಫನಿ ಪರಂಪರೆಗೆಲ್ಲ ಚೈಕಾಫ್‌ಸ್ಕಿಯು ಈ ಕೃತಿಯನ್ನೇ ಮೂಲವೆಂದು ಎಣಿಸಿದುದು ಗಮನಾರ್ಹ. ಇದು ತಂತಿವಾದ್ಯಗಳನ್ನೊಳಗೊಂಡ ಮೇಳಕ್ಕಾಗಿ ಬರೆದುದು. ಆದರೆ ಮುಂದೆ ಬ್ಯಾಂಡಿಗೆ ಒದಗಿದ ನೃತ್ಯಕೃತಿಗಳ ರಚನಾಕ್ರಮ ಇಲ್ಲಿಯೇ ಸಿದ್ಧವಾಯಿತು.

ಬ್ಯಾಂಡಿನ ಕಡೆಯಿಂದ ಈ ಸೇತುವೆಯನ್ನು ಕಟ್ಟಿದವರಲ್ಲಿ ರಿಮ್ಸ್ಕಿ-ಕೋರ್ಸಕಾಫನು ಪ್ರಮುಖ. ನೌಕಾಧಿಕಾರಿಯಾಗಿದ್ದ ಅವನನ್ನು ೧೮೭೩ರಲ್ಲಿ ನೌಕಾಪಡೆಯ ಬ್ಯಾಂಡುಗಳ ಪರೀಕ್ಷಕನನ್ನಾಗಿ ನೇಮಿಸಲಾಯಿತು. ೧೮೮೪ರಲ್ಲಿ ಆ ಹುದ್ದೆ ರದ್ದಾಗುವವರೆಗೂ ಅವನು ಅಲ್ಲಿದ್ದನು. ಗಾಳಿವಾದ್ಯಗಳನ್ನು ತಾನೇ ನುಡಿಸಿ ಕಲಿತನು, ಕ್ರೋನ್‌ಸ್ಟಾಟ್ ಬಂದರಿನಲ್ಲಿ ಕಛೇರಿಗಳನ್ನು ನಡೆಸಿದನು, ೧೮೭೭–೭೮ರಲ್ಲಿ ಟ್ರಂಬೋನ್, ಓಬೋ, ಕ್ಲಾರಿನೆಟ್‌ಗಳಿಗೆ ಬ್ಯಾಂಡಿನ ಪಕ್ಕವಾದ್ಯವಿರುವ ಕೃತಿಗಳನ್ನು ಬರೆದನು. ಅದೇ ದಶಕದಲ್ಲಿ ಅವನು ನೂರು ಜನಪದ ಗೀತೆಗಳ ಸಂಗ್ರಹವನ್ನು ಸಿದ್ಧಪಡಿಸಿದುದು ಆಕಸ್ಮಿಕವಿರಲಾರದು. ಮೆರವಣಿಗೆಯ ಬ್ಯಾಂಡು ಕುಳಿತು ನುಡಿಸುವ ಕಛೇರಿಯ ಬ್ಯಾಂಡಾಗಿ ಬೆಳೆಯುತ್ತಿದ್ದ ಕಾಲವದು.

ಇಲ್ಲಿ ಒಂದು ತಾಂತ್ರಿಕ ವಿಷಯವನ್ನು ವಿವರಿಸುವುದು ಅವಶ್ಯಕ. ಪಾಶ್ಚಾತ್ಯರ ನಡಿಗೆಯ ಸಂಗೀತದಲ್ಲಿ ‘ಬಾರ್’ ಎಂಬ ತಾಳಖಂಡಗಳು ನಾಲ್ಕು, ಎಂಟು ಎಂದು ಸಮನಾಗಿ ಕೂಡುತ್ತವೆ. ರಷ್ಯದ ಅನೇಕ ಕುಣಿತಗಳಲ್ಲಿಯಾದರೋ ವಾಕ್ಯಗಳು ಮೂರು ಖಂಡಗಳಿಗೆ ಮುಗಿಯುತ್ತವೆ; ಕಮಾರಿನ್‌ಸ್ಕಯದ ಧಾಟಿ ಅಂಥದು. ಬಯಲಿನಲ್ಲಿ ನಿಂತ ಬರ್ಚ್ ಮರವನ್ನು ಕುರಿತ ಖೊರೊವೋದ್ ಹಾಡೂ ಅಂಥದೇ. ಚೈಕಾಫ್‌ಸ್ಕಿಯು ೧೮೭೭ರಲ್ಲಿ ರಚಿಸಿದ ತನ್ನ ನಾಲ್ಕನೆಯ ಸಿಂಫನಿಯ ಅಂತ್ಯಭಾಗದಲ್ಲಿ ಈ ಹಾಡನ್ನು ಬಳಸಿಕೊಂಡಾಗ, ಅದರ ಆರು ಮಾತ್ರೆಗಳಿಗೆ ಮತ್ತೆರಡು ಮಾತ್ರೆಗಳಷ್ಟು ಕಾಲವನ್ನು ಕೂಡಿಸಿ ಎಂಟನ್ನಾಗಿ ಮಾಡಿದನು. ಮಾರ್ಪಾಡು ಚಿಕ್ಕದು; ಆದರೆ ಹಳ್ಳಿಯ ಹಾಡು ಪಟ್ಟಣದ ಚೌಕಟ್ಟಿಗೆ ಹೊಂದಿಕೊಳ್ಳುವಾಗ ತೆತ್ತ ಸುಂಕ ಆ ಎರಡು ಮಾತ್ರೆಗಳಲ್ಲಿ ಕೇಳಿಬರುತ್ತದೆ. ಬ್ಯಾಂಡಿಗಾಗಿ ಅಳವಡಿಸಿದ ಈ ಭಾಗವು ಇಂದಿಗೂ ಕಛೇರಿಗಳಲ್ಲಿ ಕೇಳಬರುವಂಥದು.

೧೯೧೭ರ ಕ್ರಾಂತಿಯ ತರುವಾಯ ಚಿತ್ರ ಮತ್ತೊಮ್ಮೆ ಬದಲಾಯಿಸಿತು. ‘ಯಾಬ್ಲೊಚ್ಕೊ’, ಎಂದರೆ ಪುಟ್ಟ ಸೇಬು, ಎಂಬುದು ನಾವಿಕರಲ್ಲಿ ಪ್ರಚಲಿತವಾಗಿದ್ದ ಕುಣಿತದ ಹಾಡು. ಅಂತರ್ಯುದ್ಧದ ಕಾಲದಲ್ಲಿ ಎದುರಾಳಿ ಪಕ್ಷಗಳೆಲ್ಲವೂ ಅದೇ ಧಾಟಿಗೆ ತಮ್ಮ ತಮ್ಮ ಅಣಕದ ನುಡಿಗಳನ್ನು ಕಟ್ಟಿ ಹಾಡಿದುವು. ಗ್ಲಿಯೇರನು ೧೯೨೭ರಲ್ಲಿ ಮಾಸ್ಕೋದಲ್ಲಿ ಪ್ರದರ್ಶಿತವಾದ ‘ಕೆಂಪು ಗಸಗಸೆ ಹೂ’ ಎಂಬ ಬ್ಯಾಲೆಯಲ್ಲಿ ಇದನ್ನು ಸೋವಿಯೆತ್ ನಾವಿಕರ ನೃತ್ಯವನ್ನಾಗಿ ಮಾಡಿದನು. ಮಂದ್ರಸ್ಥಾಯಿಯ ವಾದ್ಯಗಳಲ್ಲಿ ಧಾಟಿ ತಲೆಯೆತ್ತುತ್ತದೆ. ಒಂದೊಂದು ಆವೃತ್ತಿಯಲ್ಲಿಯೂ ವಾದ್ಯಗಳು ಸೇರಿಕೊಳ್ಳುತ್ತ, ವೇಗ ಏರುತ್ತ, ಕೊನೆಗೆ ಇಡಿಯ ಮೇಳವೇ ಭೋರ್ಗರೆಯುತ್ತದೆ. ಬ್ಯಾಂಡಿಗೆ ಅಳವಟ್ಟ ಇದರ ರೂಪಗಳು ಅಮೆರಿಕದ ಶಾಲಾ ಬ್ಯಾಂಡುಗಳವರೆಗೂ ಹಬ್ಬಿದುವು. ಯಾರ ಹಾಡೂ ಆಗಬಲ್ಲುದಾಗಿದ್ದ ಧಾಟಿ ಮೊದಲು ಒಂದು ಪಕ್ಷದ ಹಾಡಾಗಿ, ಮತ್ತೆ ಎಲ್ಲರದೂ ಆದ ಬಗೆ ಇದು.

೧೯೩೯ರಲ್ಲಿ ಮ್ಯಾಸ್ಕೋವ್‌ಸ್ಕಿಯು ತನ್ನ ಹತ್ತೊಂಬತ್ತನೆಯ ಸಿಂಫನಿಯನ್ನು ಬ್ಯಾಂಡಿಗೆಂದೇ ಬರೆದನು. ೧೯೪೨ರಲ್ಲಿ ಷಾಸ್ಟಕೋವಿಚನು ಆಂತರಿಕ ಭದ್ರತಾ ಇಲಾಖೆಯ ಹಾಡು-ಕುಣಿತದ ತಂಡಕ್ಕಾಗಿ ಸಂಗೀತವನ್ನು ರಚಿಸಿದನು. ಅದರೊಳಗಿನ ನೃತ್ಯಭಾಗವನ್ನು ವಾಖುತಿನ್‌ಸ್ಕಿ ಎಂಬುವರು ಬ್ಯಾಂಡಿಗೆ ಅಳವಡಿಸಿದರು. ಅಮೆರಿಕದ ರಾಬರ್ಟ್ ರೆನಾಲ್ಡ್ಸ್ ಅವರು ೧೯೭೯ರಲ್ಲಿ ಅದನ್ನು ಪರಿಷ್ಕರಿಸಿ, ‘ಜನಪದ ನೃತ್ಯಗಳು’ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧಿಗೆ ಬಂದಿತು. ಕೇಳುವಾಗ ಅದು ಕೇವಲ ಉಲ್ಲಾಸದ ಸಂಗೀತ. ಆದರೆ ೧೯೩೬ರಲ್ಲಿ ಪಕ್ಷದ ಪತ್ರಿಕೆಯಲ್ಲಿ ಕಟುವಾದ ಖಂಡನೆಗೆ ಗುರಿಯಾಗಿದ್ದವನು ಅದೇ ಪ್ರಭುತ್ವದ ಭದ್ರತಾ ಇಲಾಖೆಗಾಗಿ ಇದನ್ನು ಬರೆದನೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಲಾಗದು. ೧೯೪೮ರಲ್ಲಿ ಪಕ್ಷವು ಸಂಗೀತವನ್ನು ಕುರಿತು ನಿರ್ಣಯವನ್ನು ಹೊರಡಿಸಿ, ಜನಪದ ಪರಂಪರೆಯಿಂದ ದೂರ ಸರಿದರೆಂದು ಷಾಸ್ಟಕೋವಿಚನನ್ನೂ ಮ್ಯಾಸ್ಕೋವ್‌ಸ್ಕಿಯನ್ನೂ ಒಟ್ಟಿಗೆ ಖಂಡಿಸಿತು. ೧೬೪೮ರಲ್ಲಿ ಜನಪದ ವಾದ್ಯ ನುಡಿಸುವುದು ಅಪರಾಧ. ಸರಿಯಾಗಿ ಮುನ್ನೂರು ವರ್ಷಗಳ ಬಳಿಕ ಜನಪದವನ್ನು ಸಾಕಷ್ಟು ನುಡಿಸದಿರುವುದು ಅಪರಾಧ.

ತಂತಿವಾದ್ಯವಿಲ್ಲದ ಬ್ಯಾಂಡು ಈ ಕುಣಿತವನ್ನು ಹೇಗೆ ತೋರಿಸುತ್ತದೆ? ಪಿಟೀಲಿನ ಕೆಲಸವನ್ನು ಕ್ಲಾರಿನೆಟ್‌ಗಳ ಗುಂಪು ವಹಿಸಿಕೊಳ್ಳುತ್ತದೆ. ಬಲಲೈಕದ ಮೀಟಿನ ಅನುಭವವನ್ನು ಮೊಟಕಾಗಿ ಕತ್ತರಿಸಿದ ಸ್ವರಗಳು ಕೊಡುತ್ತವೆ. ಟ್ಯೂಬಾ ಮೊದಲ ಮಾತ್ರೆಗೂ ಕೊಂಬುಗಳು ಎದುರು ಮಾತ್ರೆಗೂ ಪೆಟ್ಟು ಹಾಕಿದಾಗ ಕಾಲಿನ ತುಳಿತ ಕೇಳುತ್ತದೆ. ಹಾರ್ಮೋನಿಯಂ, ಕ್ಲಾರಿನೆಟ್ ಎರಡರಲ್ಲಿಯೂ ನಾದ ಹುಟ್ಟುವುದು ಪೀಪಿಯ ಕಂಪನದಿಂದ. ಆದ್ದರಿಂದ ಅವುಗಳ ಧ್ವನಿಯಲ್ಲಿ ಸಹಜವಾದ ನಂಟಿದೆ. ಎಲ್ಲಕ್ಕೂ ಮಿಗಿಲಾಗಿ, ಬಯಲು ಕುಣಿತಕ್ಕೆ ಬಯಲಿನಲ್ಲಿ ಕೇಳುವ ವಾದ್ಯಗಳೇ ತಕ್ಕವು.

ಆರಂಭದ ಪ್ರಶ್ನೆಗೆ ಉತ್ತರ ಹೀಗೆ ಇಬ್ಬಗೆಯಾಗಿದೆ. ಪ್ರಭುತ್ವವು ಕುಣಿತಕ್ಕೆ ಸಮವಸ್ತ್ರ ತೊಡಿಸಿತು, ಕೆಲವೆಡೆ ಅದರ ಮಾತ್ರೆಗಳನ್ನು ಚೌಕ ಮಾಡಿತು, ಅದರ ಬಾಯಲ್ಲಿ ತನ್ನ ಮಾತನ್ನಿಟ್ಟಿತು. ಆದರೆ ಆವೃತ್ತಿ, ಅಲಂಕಾರ, ಏರುವ ವೇಗ ಎಂಬ ಕುಣಿತದ ಮೂರು ಲಕ್ಷಣಗಳನ್ನು ಬ್ಯಾಂಡೇ ಕಲಿಯಬೇಕಾಯಿತು. ಶಾಸನಗಳಂತೆ, ದಾಖಲೆಗಳಂತೆ ಸಂಗೀತವೂ ಇತಿಹಾಸಕ್ಕೆ ಆಕರವಾಗಬಲ್ಲುದು. ಗ್ಲಿಂಕ, ಚೈಕಾಫ್‌ಸ್ಕಿ, ಗ್ಲಿಯೇರ್, ಷಾಸ್ಟಕೋವಿಚ್ ಇವರ ಕೃತಿಗಳನ್ನು ಈ ಕ್ರಮದಲ್ಲಿಯೇ ತರಗತಿಯಲ್ಲಿ ಕೇಳಿಸಿದಲ್ಲಿ, ಒಂದು ದೇಶದ ಪ್ರಭುತ್ವ-ಪ್ರಜಾ ಸಂಬಂಧದ ನೂರು ವರ್ಷಗಳು ಒಂದು ಗಂಟೆಯೊಳಗೆ ವಿದ್ಯಾರ್ಥಿಗಳ ಕಿವಿಗೆ ಬಿದ್ದಾವು.